ಸೀಟಿ ಮೀಮಾಂಸೆ: ನಡುಪಂದ್ಯದಲ್ಲಿ ಕೋಚನ್ನು ಕೂಗುವ ಬಗೆ

ಕನ್ನಡದಲ್ಲಿ ಅಡುಗೆಗೆ ಶಾಸ್ತ್ರವಿದೆ, ಮಂಗರಸ ಸೂಪಶಾಸ್ತ್ರ ಬರೆದಿಟ್ಟ. ದನಕರುಗಳ ಕಾಯಿಲೆಗೂ ಶಾಸ್ತ್ರವಿದೆ, ಕೀರ್ತಿವರ್ಮ ಗೋವೈದ್ಯ ಬರೆದಿಟ್ಟ. ಛಂದಸ್ಸನ್ನು ನಾಗವರ್ಮ ನೋಡಿಕೊಂಡ, ವ್ಯಾಕರಣವನ್ನು ಕೇಶಿರಾಜ ನೋಡಿಕೊಂಡ. ಆದರೆ ಕಬಡ್ಡಿ ಕಾವೇರಿರುವಾಗ ಗೆರೆ ದಾಟಿ ಒಳಗೆ ನುಗ್ಗಿ, ಟವೆಲ್ಲನ್ನು ಗಾಳಿಗೆ ಬೀಸುತ್ತ ನಿಂತ ಕೋಚನ್ನು ರೆಫರಿಯಾದವನು ಏನೆಂದು ಕರೆಯಬೇಕು ಎಂಬುದರ ಬಗ್ಗೆ ಒಂದು ಓಲೆಗರಿಯೂ ಇಲ್ಲ. ಹಂಪಿಯ ಸುತ್ತ ಇಷ್ಟು ವರ್ಷ ಅಗೆದರು. ಅರಮನೆಯ ಅಡಿಪಾಯ ಸಿಕ್ಕಿತು, ನೀರಿನ ಕೊಳವೆ ಸಿಕ್ಕಿತು, ಪುಷ್ಕರಣಿ ಸಿಕ್ಕಿತು. ಈ ವಿಷಯದ ಶಾಸನ ಮಾತ್ರ ಏಳಲಿಲ್ಲ. ಈ ಕೊರತೆಯನ್ನು ತುಂಬಲು ಬುಕ್ಕಸಾಗರದ ಒಬ್ಬ ನಿವೃತ್ತ ದೈಹಿಕ ಶಿಕ್ಷಕ ಟೊಂಕ ಕಟ್ಟಿದ್ದಾನೆ. ಟೊಂಕ ಮೊದಲಿನಂತೆ ಬಾಗುವುದಿಲ್ಲ, ಆ ಮಾತು ಬೇರೆ.

ಬುಕ್ಕಸಾಗರ ಎಂದರೆ ಕಮಲಾಪುರ ದಾಟಿ ಕಂಪ್ಲಿಯ ಕಡೆಗೆ ಹೊರಟವರಿಗೆ ಸಿಗುವ ಊರು. ಹೆಸರಿನಲ್ಲಿ ಸಾಗರ, ಮಗ್ಗುಲಲ್ಲಿ ಹೊಳೆ. ಬಾಳೆ, ಭತ್ತ, ಬಂಡೆ ಮೂರಕ್ಕೂ ಬರವಿಲ್ಲ. ಶಾಸ್ತ್ರ ಹುಟ್ಟಲು ಇಂಥದೇ ಊರು ಯಾಕೆ ಬೇಕಿತ್ತು ಎಂದು ಪೂರ್ವಪಕ್ಷಿಗಳು ಕೇಳಬಹುದು. ಉತ್ತರ ಮುಂದೆ ತಾನಾಗಿ ಬರುತ್ತದೆ.

ಮೊದಲು ಪದಾರ್ಥ ನಿರ್ಣಯ. ‘ಕೋಚ್’ ಎಂಬುದರ ಮೂಲ ಹಂಗೇರಿ ದೇಶದ ಒಂದು ಹಳ್ಳಿ. ಆ ಹಳ್ಳಿಯ ಹೆಸರೂ ಕೋಚ್. ಅಲ್ಲಿ ಒಳ್ಳೆಯ ಕುದುರೆಗಾಡಿ ಕಟ್ಟುತ್ತಿದ್ದರು, ಊರಿನ ಹೆಸರು ಗಾಡಿಗೆ ಬಂತು, ಗಾಡಿ ಯುರೋಪೆಲ್ಲ ಓಡಾಡಿತು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1830ರ ಸುಮಾರಿಗೆ, ಓದಿನಲ್ಲಿ ಹಿಂದೆ ಬಿದ್ದವನನ್ನು ಪರೀಕ್ಷೆಯ ಆಚೆ ದಡಕ್ಕೆ ಹೊತ್ತು ಹಾಕುವ ಖಾಸಗಿ ಮೇಷ್ಟ್ರಿಗೆ ಹುಡುಗರು ಗಾಡಿಯ ಹೆಸರನ್ನೇ ಇಟ್ಟರು. ಅಲ್ಲಿಂದ ಅದು ಆಟದ ಬಯಲಿಗೆ ಇಳಿಯಿತು. ಅಂದರೆ ಕೋಚ್ ಎಂಬುದು ಹುಟ್ಟಿನಿಂದಲೇ ಚಲಿಸುವ ವಸ್ತು. ಅದನ್ನು ಗೆರೆಯ ಆಚೆ ನಿಲ್ಲಿಸಿ ‘ಅಲುಗಬೇಡ’ ಎನ್ನುವುದು ವ್ಯುತ್ಪತ್ತಿಗೇ ವಿರೋಧ. ಈ ಲೇಖಕ ಮೂವತ್ತು ವರ್ಷ ಸೀಟಿ ಊದಿದ ಅನುಭವದಿಂದ ಹೇಳುವುದಾದರೆ, ಪಂದ್ಯ ಮುಗಿಯುವವರೆಗೆ ಇದ್ದ ಜಾಗದಿಂದ ಒಂದಿಂಚೂ ಅಲುಗದ ಕೋಚ್ ಈ ಪ್ರಾಂತ್ಯದಲ್ಲಿ ಇರುವುದು ಒಂದೇ ಒಂದು. ಅದು ವಿಜಯ ವಿಠ್ಠಲ ದೇವಾಲಯದ ಅಂಗಳದಲ್ಲಿದೆ, ಕಲ್ಲಿನದು. ಅದರ ಶಿಸ್ತನ್ನು ಮೆಚ್ಚಿ ಸರ್ಕಾರ 2017ರಲ್ಲಿ ಹೊಸ ಐವತ್ತರ ನೋಟಿನ ಬೆನ್ನ ಮೇಲೆ ಅದರ ಚಿತ್ರ ಹಾಕಿತು. ಉಳಿದ ಕೋಚ್‌ಗಳ ಚಿತ್ರ ನೋಟಿನ ಮೇಲೆ ಯಾಕೆ ಬಂದಿಲ್ಲವೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

‘ರೆಫರಿ’ಯ ಕಥೆ ಚಿಕ್ಕದು. ಹಳೆಯ ಫುಟ್‌ಬಾಲ್‌ನಲ್ಲಿ ಎರಡು ಕಡೆಗೂ ಒಬ್ಬೊಬ್ಬ ಅಂಪೈರ್ ಇರುತ್ತಿದ್ದ. ಇಬ್ಬರೂ ತಮ್ಮ ತಮ್ಮ ಕಡೆಯವರಿಗೇ ನ್ಯಾಯ ಹೇಳುತ್ತಿದ್ದುದರಿಂದ, ಹೊರಗೆ ಕೂತ ಮೂರನೆಯವನ ಹತ್ತಿರ ದೂರು ಒಯ್ಯುತ್ತಿದ್ದರು. ಆತನೇ ರೆಫರಿ. 1891ರಲ್ಲಿ ಅವನನ್ನು ಎಬ್ಬಿಸಿ ಮೈದಾನದ ಒಳಗೆ ತಂದರು. ಆತ ಹೊರಗೇ ಕೂತಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನು ಇತಿಹಾಸ. ಬುಕ್ಕಸಾಗರದಿಂದ ಹೊಳೆಯಾಚೆ ಕಣ್ಣು ಹಾಯಿಸಿದರೆ ಆನೆಗೊಂದಿ, ಅಂದರೆ ಕಿಷ್ಕಿಂಧೆ. ನಮ್ಮ ಸೀಮೆಯ ಮೊಟ್ಟಮೊದಲ ಪ್ರಮುಖ ಕುಸ್ತಿ ನಡೆದದ್ದು ಅಲ್ಲಿ, ವಾಲಿ ಮತ್ತು ಸುಗ್ರೀವರ ನಡುವೆ. ಮೊದಲ ಸುತ್ತಿನಲ್ಲಿ ಇಬ್ಬರೂ ಒಂದೇ ಥರ ಕಂಡಿದ್ದರಿಂದ ಫಲಿತಾಂಶ ಬರಲಿಲ್ಲ. ಎರಡನೆಯ ಸುತ್ತಿಗೆ ಮುಂಚೆ ಲಕ್ಷ್ಮಣ ಗಜಪುಷ್ಪಿ ಬಳ್ಳಿಯನ್ನು ತಂದು ಸುಗ್ರೀವನ ಕೊರಳಿಗೆ ಹಾಕಿದ. ಎದೆ ನಂಬರಿನ ಪದ್ಧತಿ ಶುರುವಾದದ್ದು ಹೀಗೆ. ಮುಂದಿನದು ಎಲ್ಲರಿಗೂ ಗೊತ್ತು, ಅದರ ಧರ್ಮಸೂಕ್ಷ್ಮ ಪಂಡಿತರ ಪಾಲಿನದು. ನಮಗೆ ಬೇಕಾದದ್ದು ಕಿಷ್ಕಿಂಧಾಕಾಂಡದ 17ನೆಯ ಸರ್ಗ ಮಾತ್ರ. ನೆಲಕ್ಕೆ ಬಿದ್ದ ವಾಲಿ ಎದುರು ತಂಡದ ಹಿರಿಯನನ್ನು ಕುರಿತು ಸರ್ಗ ತುಂಬುವಷ್ಟು ಮಾತಾಡುತ್ತಾನೆ. ರಾಮ ಅದನ್ನು ಕೇಳಿ, 18ನೆಯ ಸರ್ಗದಲ್ಲಿ ಸಾವಧಾನವಾಗಿ ಉತ್ತರ ಕೊಡುತ್ತಾನೆ. ಇಬ್ಬರಿಗೂ ಇದು ಸಾಧ್ಯವಾದದ್ದು ಎರಡು ಕಾರಣಕ್ಕೆ. ಅಲ್ಲಿ ರೆಫರಿ ಇರಲಿಲ್ಲ. ಮತ್ತು ಮಾತು ಸಂಸ್ಕೃತದಲ್ಲಿ ನಡೆದಿತ್ತು, ‘ತ್ವಂ’ ಎಂದರೆ ಮುಗಿಯಿತು. ಅದೇ ಮಾತು ಕನ್ನಡದಲ್ಲಿ ನಡೆದಿದ್ದರೆ ‘ನೀನು’ ಎನ್ನಲೋ ‘ನೀವು’ ಎನ್ನಲೋ ಎಂಬ ಯೋಚನೆಯಲ್ಲೇ ವಾಲಿಯ ಪ್ರಾಣ ಹೋಗಿರುತ್ತಿತ್ತು. ನಮ್ಮೂರ ಆಸುಪಾಸಿನ ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಬೂದಿ ಎಂದು ಜನ ತೋರಿಸುವ ದಿಬ್ಬವಿದೆ. ಕೋಚ್‌ಗಳ ಜತೆ ವಾದಕ್ಕಿಳಿಯುವ ಹುಮ್ಮಸ್ಸಿನ ಹೊಸ ರೆಫರಿಗಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುವುದು ಒಳ್ಳೆಯದು.

ಎರಡನೆಯ ಪ್ರಸಂಗ ಹಂಪಿಯದೇ. ಹರಿಹರ ಸೋದರಮಾವ, ರಾಘವಾಂಕ ಅಳಿಯ ಮತ್ತು ಶಿಷ್ಯ. ಶಿಷ್ಯ ಹರಿಶ್ಚಂದ್ರಕಾವ್ಯ ಬರೆದು ತಂದಾಗ, ಶಿವನನ್ನು ಬಿಟ್ಟು ನರಮನುಷ್ಯನನ್ನು ಹಾಡಿದೆಯಾ ಎಂದು ಮಾವ ಸಿಟ್ಟಾಗಿ ಹೊಡೆದ, ಹಲ್ಲು ಉದುರಿದವು ಎಂದು ಐತಿಹ್ಯ. ಕೋಚ್ ಕೈ ಮಾಡಿದ ಈ ಪ್ರಕರಣದಲ್ಲಿ ಕಾರ್ಡು ತೋರಿಸುವವರು ಯಾರೂ ಇರಲಿಲ್ಲ, ವಿರೂಪಾಕ್ಷನೊಬ್ಬನಿದ್ದ. ಅಳಿಯ ಬಾಯಿ ಬಿಟ್ಟು ಮಾವನನ್ನು ಏನೆಂದು ಕರೆದ ಎಂಬುದು ದಾಖಲಾಗಿಲ್ಲ. ಹಲ್ಲಿಲ್ಲದ ಬಾಯಲ್ಲಿ ಏನು ಕರೆದರೂ ಸ್ಪಷ್ಟವಾಗಿ ಕೇಳಿಸಿರಲಾರದು. ಸೋದರಮಾವ ಮತ್ತು ಕೋಚ್ ಒಂದೇ ದೇಹದಲ್ಲಿ ಸೇರಿದರೆ ಏನಾಗುತ್ತದೆ ಎಂಬುದನ್ನು ಓದುಗರು ಇಲ್ಲಿ ಗುರುತು ಹಾಕಿಕೊಳ್ಳಬೇಕು. ಕೊನೆಯಲ್ಲಿ ಬೇಕಾಗುತ್ತದೆ.

ಆದರೆ ನಿಜವಾದ ಸಂಶೋಧಕನ ಹೊಟ್ಟೆ ಉರಿಯುವುದು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ನ ಬರಹ ಓದಿದಾಗ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಆತ ಮಹಾನವಮಿ ಉತ್ಸವವನ್ನು ಕಣ್ಣಾರೆ ಕಂಡ. ಮಲ್ಲರ ಕಾಳಗದಲ್ಲಿ ಹಲ್ಲು ಮುರಿಯುವುದನ್ನು, ಕಣ್ಣು ಹೋಗುವುದನ್ನು, ಮಾತು ನಿಂತುಹೋದ ಮಲ್ಲರನ್ನು ಗೆಳೆಯರು ಹೊತ್ತು ಸಾಗಿಸುವುದನ್ನು ಬರೆದ. ಅಷ್ಟೇ ಅಲ್ಲ, ಆ ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರೆಂದೂ, ಕಣದಲ್ಲಿ ಇಬ್ಬರನ್ನೂ ಸರಿಸಮ ನಿಲ್ಲಿಸಿ ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದು ಅವರ ಕೆಲಸವೆಂದೂ ಬರೆದ. ಕೋಚೂ ಇದ್ದಾನೆ, ರೆಫರಿಯೂ ಇದ್ದಾನೆ, ಹಿಂದೆ ಮಹಾನವಮಿ ದಿಬ್ಬವಿದೆ! ತೀರ್ಪುಗಾರ ನಾಯಕನನ್ನು ಏನೆಂದು ಕೂಗಿದ ಎಂಬ ಒಂದೇ ಒಂದು ಸಾಲನ್ನು ಪಾಯಸ್ ಬರೆಯಲಿಲ್ಲ. ಕುದುರೆಗಳ ಜೀನು, ಹೆಂಗಸರ ಒಡವೆ, ಸಂತೆಯಲ್ಲಿ ಮಾರುವ ಕಾಳುಕಡಿ ಎಲ್ಲದಕ್ಕೂ ಅವನ ಹತ್ತಿರ ಶಾಯಿ ಇತ್ತು. 1900ರಲ್ಲಿ ಆ ಬರಹವನ್ನು ಇಂಗ್ಲಿಷಿಗೆ ತಂದ ರಾಬರ್ಟ್ ಸೆವೆಲ್‌ಗೂ ಇದು ಹೊಳೆಯಲಿಲ್ಲ. ಈ ಒಂದು ಲೋಪದಿಂದ ನಮ್ಮ ಸಂಬೋಧನಾಶಾಸ್ತ್ರ ಐನೂರು ವರ್ಷ ಹಿಂದೆ ಬಿತ್ತು.

ಈಗ ವರ್ತಮಾನಕ್ಕೆ. ಶಾಲಾ ಕ್ರೀಡಾಕೂಟವನ್ನು ಕಂಡವರಿಗೆ ಗೊತ್ತು. ವಲಯ ಮಟ್ಟದಲ್ಲಿ ರೆಫರಿಗಳು ಆಕಾಶದಿಂದ ಇಳಿದು ಬರುವುದಿಲ್ಲ. ಬಂದ ಶಾಲೆಗಳ ದೈಹಿಕ ಶಿಕ್ಷಕರೇ ಹಂಚಿಕೊಂಡು ಸೀಟಿ ಊದುತ್ತಾರೆ. ಬೆಳಿಗ್ಗೆ ಹತ್ತಕ್ಕೆ ರೆಫರಿಯಾದವನು ಹನ್ನೊಂದಕ್ಕೆ ಅದೇ ಸೀಟಿಯನ್ನು ಜೇಬಿಗಿಳಿಸಿ ತನ್ನ ಶಾಲೆಯ ಕೋಚ್ ಆಗುತ್ತಾನೆ. ಹತ್ತಕ್ಕೆ ಯಾರನ್ನು ಗೆರೆಯಾಚೆ ಅಟ್ಟಿದನೋ ಆತನೇ ಹನ್ನೊಂದಕ್ಕೆ ಸೀಟಿ ಕಚ್ಚಿಕೊಂಡು ಎದುರಿಗೆ ನಿಂತಿರುತ್ತಾನೆ. ಮಧ್ಯಾಹ್ನ ಇಬ್ಬರೂ ಒಂದೇ ಬಕೀಟಿನ ಪಲಾವು ಉಣ್ಣಬೇಕು. ಸಾಲದ್ದಕ್ಕೆ ಅವರಲ್ಲಿ ಒಬ್ಬ ಇನ್ನೊಬ್ಬನಿಗೆ ಟ್ರೇನಿಂಗಿನಲ್ಲಿ ಸೀನಿಯರ್, ಮತ್ತೊಬ್ಬ ಬೀಗ, ಇನ್ನೊಬ್ಬನ ಹತ್ತಿರ ಕೈಸಾಲ ಇದೆ. ಫಿಫಾದ ಪುಸ್ತಕದಲ್ಲಿ ಈ ಪರಿಸ್ಥಿತಿಗೆ ಅಧ್ಯಾಯವಿಲ್ಲ.

ಲಭ್ಯವಿರುವ ಸಂಬೋಧನೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ‘ಸರ್’ ಎಂದು ಕೂಗಿದರೆ ಮೈದಾನದಲ್ಲಿರುವ ಅಷ್ಟೂ ಜನ ತಿರುಗಿ ನೋಡುತ್ತಾರೆ, ಮೈಕು ಹಿಡಿದ ಸರ್, ಪಲಾವಿನ ಉಸ್ತುವಾರಿ ಸರ್, ಕೊನೆಗೆ ಪೆಂಡಾಲಿನ ಸರ್ ಕೂಡ. ಗೆರೆ ದಾಟಿದವನೊಬ್ಬನನ್ನು ಬಿಟ್ಟು. ‘ಅಣ್ಣಾ’ ಎಂದರೆ ಎದುರು ತಂಡದ ಬೆಂಬಲಿಗರು ಬೇಲಿಯ ಮೇಲಿನಿಂದ ‘ನೋಡ್ರಪಾ, ಅಣ್ಣ ತಮ್ಮಂದ್ರ ಆಟ ನಡದೈತಿ’ ಎಂದು ಶುರುಮಾಡುತ್ತಾರೆ. ‘ರೀ’ ಎನ್ನುವಂತಿಲ್ಲ, ಅದನ್ನು ಮನೆಯಲ್ಲಿ ಈಗಾಗಲೇ ಬೇರೆಯವರು ಬಳಸುತ್ತಿದ್ದಾರೆ. ‘ವಸ್ತಾದ್’ ಗರಡಿಮನೆಯ ಗಂಭೀರ ಮಾತು. ಆದರೆ ಹಾಗೆ ಕರೆಸಿಕೊಂಡ ಕೋಚ್ ಉಬ್ಬಿ, ಇನ್ನೂ ಎರಡು ಹೆಜ್ಜೆ ಒಳಗೆ ಬಂದದ್ದನ್ನು ಕಂಡಿದ್ದೇನೆ. ‘ಮಾಸ್ತರ್ರ’ ಚೆನ್ನಾಗಿಯೇ ಇತ್ತು, ಆತ ಕಳೆದ ತಿಂಗಳಿಂದ ಇನ್‌ಚಾರ್ಜ್ ಹೆಡ್‌ಮಾಸ್ತರ್ ಆಗಿರದಿದ್ದರೆ. ‘ಲೇ’ ಎಂಬುದು ಟ್ರೇನಿಂಗಿನ ಗೆಳೆಯನಿಗೆ ಬೆಳಿಗ್ಗೆ ಟೀ ಅಂಗಡಿಯಲ್ಲಿ ಸಲ್ಲುತ್ತದೆ, ಸೀಟಿ ಊದಿದ ಮೇಲೆ ಅದೇ ಅಕ್ಷರ ಲಿಖಿತ ದೂರಿನ ಮೊದಲ ಸಾಲಾಗುತ್ತದೆ. ಹೈಸ್ಕೂಲಿನ ವ್ಯಾಕರಣ ಪುಸ್ತಕ ತೆಗೆದರೆ ಸಂಬೋಧನೆಗೆ ‘ಏ’ ಮತ್ತು ‘ಇರಾ’ ಎಂಬ ಪ್ರತ್ಯಯಗಳಿವೆ. ‘ಎಲೈ ಕೋಚೇ’ ಎಂದು ಒಮ್ಮೆ ಪ್ರಯೋಗ ಮಾಡಿದೆ. ಬಯಲಾಟ ಯಾವಾಗ ಶುರು ಎಂದು ಜನ ಕೇಳಿದರು.

ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಸ್ವರ್ಗ ನರಕಗಳನ್ನು ಸಂಬೋಧನೆಯಲ್ಲಿ ಇಟ್ಟರು. ಅವರಿಗೆ ಮೂರನೆಯ ಸ್ಥಿತಿಯೊಂದಿದೆ ಎಂದು ಹೇಳುವವರು ಬೇಕಿತ್ತು. ಅದು ಮೂವತ್ತು ಸೆಕೆಂಡಿನ ರೇಡ್ ಓಡುತ್ತಿರುವಾಗ ಬಾಯಿ ತೆರೆದು, ಯಾವ ಶಬ್ದವೂ ಹೊರಡದೆ ನಿಂತ ರೆಫರಿಯ ಸ್ಥಿತಿ.

ಪರದೇಶದವರು ಏನು ಮಾಡಿದ್ದಾರೆ ಎಂದು ನೋಡುವುದು ವಿದ್ವತ್ ಸಂಪ್ರದಾಯ, ಬೇಗ ನೋಡಿ ಮುಗಿಸುತ್ತೇನೆ. ಅಮೆರಿಕದ ಶಾಲೆಗಳ ಬ್ಯಾಸ್ಕೆಟ್‌ಬಾಲ್ ರೆಫರಿಗಳು ಹೆಸರು ಹಿಡಿಯದೆ ‘ಕೋಚ್’ ಎಂದಷ್ಟೇ ಕರೆಯುವುದು ರೂಢಿ. ಒಬ್ಬನನ್ನು ಹೆಸರಿನಿಂದ ಕರೆದರೆ ಇನ್ನೊಬ್ಬನಿಗೆ ಗುಮಾನಿ. ಸಂಡೂರು ತಾಲೂಕಿನ ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲೂ ಇದು ನಡೆಯುತ್ತದೆ, ಅಲ್ಲಿ ವಿದೇಶದ ತರಬೇತುದಾರರೂ ಇದ್ದಾರೆ. ಅಲ್ಲಿಂದ ಹೆಚ್ಚೇನೂ ದೂರವಿಲ್ಲದ ನಮ್ಮೂರಲ್ಲಿ ಬರಿಯ ‘ಕೋಚ್’ ಎಂದರೆ ‘ಯಾಕಪಾ, ನನಗ ಹೆಸರಿಲ್ಲೇನು?’ ಎಂಬ ಪ್ರತಿಪ್ರಶ್ನೆ ಬರುತ್ತದೆ. ವಾಲಿಬಾಲ್‌ನವರು ಬುದ್ಧಿವಂತರು. ವಿವರಣೆ ಬೇಕಿದ್ದರೆ ಅಂಕಣದಲ್ಲಿರುವ ನಾಯಕ ಮಾತ್ರ ರೆಫರಿಯನ್ನು ಕೇಳಬಹುದು, ಕೋಚ್ ಕೇಳುವಂತಿಲ್ಲ. ಮೇಲಾಗಿ ಮೊದಲ ರೆಫರಿಯನ್ನು ಏಣಿಯ ಮೇಲೆ ನಿಲ್ಲಿಸಿಬಿಟ್ಟಿದ್ದಾರೆ. ಫುಟ್‌ಬಾಲ್‌ನಲ್ಲಿ ಕೆನ್ ಆಸ್ಟನ್ ಎಂಬ ರೆಫರಿಗೆ ಟ್ರಾಫಿಕ್ ದೀಪ ನೋಡಿ ಹೊಳೆದ ಹಳದಿ ಕೆಂಪು ಕಾರ್ಡುಗಳು 1970ರ ವಿಶ್ವಕಪ್‌ನಲ್ಲಿ ಬಂದವು, ಆದರೆ ಅವನ್ನು ಕೋಚ್‌ಗೂ ತೋರಿಸಬಹುದು ಎಂದು ನಿಯಮಾವಳಿಯಲ್ಲಿ ಬರೆಯಲು 2019ರವರೆಗೆ ಕಾಯಬೇಕಾಯಿತು. ಕ್ರಿಕೆಟ್‌ಗೆ ಈ ರೋಗವೇ ಇಲ್ಲ, ಅಲ್ಲಿ ಕೋಚ್ ಪೆವಿಲಿಯನ್ನಿನಲ್ಲಿ ಉಗುರು ಕಚ್ಚುತ್ತ ಕೂತಿರುತ್ತಾನೆ. ನಮ್ಮ ಜಾವಗಲ್ ಶ್ರೀನಾಥ್ 2006ರಿಂದ ಮ್ಯಾಚ್ ರೆಫರಿ. ಅವರು ಬರೆಯುವುದು ವರದಿ, ವರದಿಗೆ ‘ಅವರು’ ಸಾಕು.

ನಮ್ಮ ತೊಂದರೆಯ ಬೇರು ಬೇರೆ ಕಡೆ ಇದೆ. ಇಂಗ್ಲಿಷಿನವನಿಗೆ ಎದುರಿಗಿದ್ದವನು ಯಾರೇ ಆದರೂ ಒಂದೇ ‘ಯೂ’. ಕನ್ನಡದವನು ಫೌಲ್ ತೀರ್ಮಾನಿಸುವ ಮೊದಲು ಮನುಷ್ಯನನ್ನು ತೀರ್ಮಾನಿಸಬೇಕು, ವಯಸ್ಸು ಎಷ್ಟು, ಸಂಬಂಧ ಏನು, ಸಂಬಳ ಯಾವ ಸ್ಕೇಲು ಎಂದು. ಹೀಗೆ ತೂಗಿ ನೋಡುವಾಗ ಈ ಲೇಖಕನಿಗೆ ಒಂದು ನಿಯಮ ಗೋಚರಿಸಿತು. ಇದನ್ನು ಬುಕ್ಕಸಾಗರದ ವಿಲೋಮ ಗೌರವ ನಿಯಮ ಎಂದು ಕರೆಯಲು ಅಪ್ಪಣೆ ಬೇಡುತ್ತೇನೆ: ಕನ್ನಡದಲ್ಲಿ ಸಿಟ್ಟು ಏರಿದಷ್ಟೂ ಮರ್ಯಾದೆ ಏರುತ್ತದೆ. ‘ನೀನು ಆಚೆ ನಿಲ್ಲೋ’ ಎಂಬುದು ಪ್ರೀತಿ. ‘ನೀವು ಆಚೆ ನಿಲ್ರಿ’ ಎಂಬುದು ಎಚ್ಚರಿಕೆ. ‘ತಾವು ದಯಮಾಡಿ ಆಚೆ ನಿಲ್ಲಬೇಕು’ ಎಂದಾಗ ನೀರಿನ ಬಾಟಲಿ ಎತ್ತಿಕೊಂಡು ಮನೆಗೆ ಹೊರಡುವುದು ಲೇಸು. ಕಬಡ್ಡಿಯಲ್ಲಿ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆಯಲ್ಲ, ಅವು ಈ ಮೂರು ಸರ್ವನಾಮಗಳ ಅನುವಾದ. ಅನುಮಾನವಿದ್ದವರು ತಮ್ಮ ಮನೆಯಲ್ಲಿ ಹೆಂಡತಿ ಯಾವ ದಿನ ‘ತಾವು’ ಎಂದಳು ಎಂಬುದನ್ನು ನೆನಪಿಸಿಕೊಳ್ಳಲಿ.

ಇದಕ್ಕೆ ಆಡಳಿತದ ಸಾಕ್ಷ್ಯವೂ ಇದೆ. ಕಂಪ್ಲಿ ಹೊಸಪೇಟೆ ತಾಲೂಕಿನಲ್ಲೇ ಇದ್ದಾಗ ಅಲ್ಲಿಯ ಕೋಚ್ ನಮಗೆ ‘ನೀನು’. ಕಂಪ್ಲಿ ಬೇರೆ ತಾಲೂಕಾದ ಮೇಲೆ ‘ನೀವು’. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಈ ಕಡೆ ಬಂತು, ಕಂಪ್ಲಿ ಸಂಡೂರುಗಳು ಬಳ್ಳಾರಿಯಲ್ಲೇ ಉಳಿದವು. ಅವತ್ತಿನಿಂದ ‘ತಾವು’. ಗಡಿ ಎಳೆದವರು ಇದನ್ನೆಲ್ಲ ಯೋಚಿಸಿದ್ದರೆಂದು ಅನಿಸುವುದಿಲ್ಲ.

ಹಾಗಾದರೆ ಸಿದ್ಧಾಂತವೇನು? ಕನ್ನಡವೇ ಒಡ್ಡಿದ ಗಂಟನ್ನು ಕನ್ನಡವೇ ಬಿಚ್ಚುತ್ತದೆ. ನಮ್ಮ ಭಾಷೆಯಲ್ಲಿ ‘ಬೇಕು’, ‘ಬಾರದು’, ‘ಕೂಡದು’ ಎಂಬ ಮೂರು ರತ್ನಗಳಿವೆ. ಇವಕ್ಕೆ ಪುರುಷವಿಲ್ಲ, ಲಿಂಗವಿಲ್ಲ, ವಚನವಿಲ್ಲ. ‘ಗೆರೆ ದಾಟಬಾರದು’ ಎಂದರೆ ಯಾರಿಗೆ ಹೇಳಿದ್ದು? ಕೋಚ್‌ಗೂ ಇರಬಹುದು, ಅಲ್ಲೇ ಮೇಯುತ್ತಿರುವ ಮೇಕೆಗೂ ಇರಬಹುದು. ಯಾರಿಗೂ ಅವಮಾನವಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಮೇಕೆ ಸಾಮಾನ್ಯವಾಗಿ ಮೊದಲು ಹೊರಡುತ್ತದೆ. ಇದರ ಜತೆಗೆ ಊರಿನ ಹೆಸರು ಸೇರಿಸಿದರೆ ಪ್ರಯೋಗ ಪೂರ್ಣ: ‘ರಾಮಸಾಗರದವ್ರು ಕೂಡಬೇಕು.’ ಒಬ್ಬ ಮನುಷ್ಯನ ತಪ್ಪನ್ನು ಇಡೀ ಊರಿಗೆ ಹಂಚಿದ್ದರಿಂದ ಆತನ ಪಾಲಿಗೆ ಬಹಳ ಕಮ್ಮಿ ಬರುತ್ತದೆ. ಸೇತುವೆ ಇಲ್ಲದ ಕಾಲದಲ್ಲಿ ಹೊಳೆಯಾಚೆಯ ತಂಡಗಳು ಹರಿಗೋಲಿನಲ್ಲಿ ಬರುತ್ತಿದ್ದವು, ಆಗ ‘ಆಚೆ ದಡದವ್ರು’ ಎಂದರೆ ಸಾಕಿತ್ತು. ಸೋತ ತಂಡದ ಕೋಚನ್ನು ಹರಿಗೋಲು ಮತ್ತೆ ಆಚೆ ದಡ ಮುಟ್ಟುವವರೆಗೆ ಏನೆಂದೂ ಕರೆಯಬಾರದು ಎಂಬುದು ಆ ಕಾಲದ ಉಪನಿಯಮ. ಈಗ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಇದೆ, ಕೋಚ್‌ಗಳು ಬೈಕು ತಿರುಗಿಸಿಕೊಂಡು ವಾಪಸ್ ಬರುತ್ತಾರೆ.

ಹೆಸರು ಹೇಳಲೇಬೇಕಾದ ಸಂದರ್ಭ ಬಂದರೆ ಹೆಂಗಸರ ಸಂಪ್ರದಾಯದಿಂದ ಒಡಪನ್ನು ಕಡ ತರಬಹುದು. ಗಂಡನ ಹೆಸರನ್ನು ಬರಿದಾಗಿ ಹೇಳದೆ ಪ್ರಾಸದಲ್ಲಿ ಸುತ್ತಿ ಹೇಳುವ ಜಾಣ್ಮೆ ಅದು. ರೆಫರಿಗಳ ಉಪಯೋಗಕ್ಕಾಗಿ ಒಂದನ್ನು ರಚಿಸಿದ್ದೇನೆ: ‘ಹಂಪಿ ತೇರಿಗೆ ಹಗ್ಗ ಚೆಂದ, ಕಂಪ್ಲಿ ಗದ್ದಿಗೆ ನೀರು ಚೆಂದ, ಗೆರಿಯ ಆಚಿಗೆ ನಿಂತರ ನಮ್ಮ ಕೋಚ್ ಸಾಹೇಬ್ರು ಬಲು ಚೆಂದ.’ ಇದರ ಒಂದು ದೋಷವೆಂದರೆ ರಾಗವಾಗಿ ಹೇಳಿ ಮುಗಿಸುವಷ್ಟರಲ್ಲಿ ಒಂದು ರೇಡ್ ಮುಗಿದಿರುತ್ತದೆ. ಟೈಮ್ ಔಟ್‌ನಲ್ಲಿ ಹೇಳುವುದು ಉಚಿತ.

ಎಲ್ಲಕ್ಕಿಂತ ಮೇಲಿನದು ಸೀಟಿ. ಅದು ಬರುವ ಮುಂಚೆ ಇಂಗ್ಲೆಂಡಿನ ರೆಫರಿಗಳು ಕರವಸ್ತ್ರ ಬೀಸುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ 1884ರಲ್ಲಿ ಆಕ್ಮಿ ಥಂಡರರ್ ಎಂಬ, ಹೊಟ್ಟೆಯೊಳಗೆ ಬಟಾಣಿಯಂಥ ಗುಂಡು ಉರುಳುವ ಸೀಟಿ ಮಾಡಿದ. ಆತನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಕನ್ನಡ ರೆಫರಿಗಳಿಗೆ ಅಷ್ಟು ಉಪಕಾರ ಮಾಡಿದವರು ಬೇರೆ ಯಾರೂ ಇಲ್ಲ. ಸೀಟಿಗೆ ಏಕವಚನ ಬಹುವಚನವಿಲ್ಲ, ಅದು ಬೀಗನನ್ನೂ ಸಾಲಗಾರನನ್ನೂ ಒಂದೇ ದನಿಯಲ್ಲಿ ಕರೆಯುತ್ತದೆ. ಅದನ್ನು ಬಾಯಲ್ಲಿ ಇಟ್ಟುಕೊಂಡಷ್ಟು ಹೊತ್ತು ಬೇರೆ ಮಾತು ಹೊರಡುವುದಿಲ್ಲ ಎಂಬುದು ಇನ್ನೊಂದು ಗುಣ.

ಈ ಶಾಸ್ತ್ರವನ್ನು ಪೂರ್ತಿಯಾಗಿ ಪ್ರಯೋಗಿಸಿದ್ದು ಒಂದೇ ಸಲ, ಒಂದು ಜಾತ್ರೆಯ ಕಬಡ್ಡಿಯಲ್ಲಿ. ಹೊಳೆಯಾಚೆಯ ತಂಡಕ್ಕೆ ಕೋಚ್ ಆಗಿ ಬಂದಿದ್ದವನು ನನ್ನ ಸ್ವಂತ ಸೋದರಮಾವ. ಕೊನೆಯ ಐದು ನಿಮಿಷದಲ್ಲಿ ಮಾಮ ಗೆರೆ ದಾಟಿದ. ಸೀಟಿ ಊದಿದೆ. ‘ಟಚ್ ಆಗೈತಿ, ನಿನ್ ಕಣ್ಣು ಎಲ್ಲೈತಿ?’ ಎಂದ. ‘ಆಚೆ ದಡದವ್ರು ಒಳಗ ಬರಬಾರದು’ ಎಂದೆ. ‘ಯಾರಿಗೆ ಹೇಳಾಕತ್ತಿ?’ ಎಂದ. ಒಡಪು ಹೇಳಿದೆ. ಜನ ನಕ್ಕರು, ಮಾಮ ನಗಲಿಲ್ಲ, ಅಂಕಣದ ನಡುಗೆರೆಯ ತನಕ ಬಂದ. ಆಗ ನನ್ನ ಬಾಯಿಂದ, ಯೋಚಿಸುವ ಮೊದಲೇ, ‘ಮಾಮಾ, ತಾವು ಹೊರಗೆ ಹೋಗಬೇಕು’ ಎಂದು ಬಂದುಬಿಟ್ಟಿತು. ಮೂವತ್ತು ವರ್ಷ ಸಂಶೋಧನೆ ಮಾಡಿದ್ದರೂ ‘ಮಾಮಾ’ ಮತ್ತು ‘ತಾವು’ ಒಂದೇ ವಾಕ್ಯದಲ್ಲಿ ಬರಬಾರದೆಂದು ನನಗೆ ಹೊಳೆದಿರಲಿಲ್ಲ. ಮಾಮ ಒಂದು ಮಾತೂ ಆಡದೆ ಹೋಗಿ ಬೇವಿನ ಮರದ ಕೆಳಗೆ ಕೂತ.

ಪಂದ್ಯವನ್ನು ಹೊಳೆಯಾಚೆಯವರೇ ಎರಡು ಪಾಯಿಂಟಿನಿಂದ ಗೆದ್ದರು. ರಾತ್ರಿ ಮಾಮ ಸೇತುವೆ ದಾಟುವ ಮುಂಚೆ ನಮ್ಮ ಮನೆಗೆ ಬಂದು ಊಟ ಮಾಡಿದ. ಸಾರು ಬೇಕಾದಾಗ ‘ರೆಫರಿ ಸಾಹೇಬ್ರು ಒಂದ್ ಸೌಟು ಹಾಕಬೇಕು’ ಎಂದ. ಅದಾಗಿ ಎಂಟು ವರ್ಷವಾಯಿತು. ಹಬ್ಬಕ್ಕೆ ಫೋನ್ ಮಾಡಿದರೆ ಈಗಲೂ ಮೊದಲು ಕೇಳುವುದು ‘ತಾವು ಚೆನ್ನಾಗಿದ್ದೀರಾ?’ ಎಂದೇ.